ಬೆವರೆಷ್ಟು, ನಿಲ್ಲುವುದೆಷ್ಟು ಹೊತ್ತು: ಮೈಗೆ ತಾಗುವ ಪದರ ಆರಿಸುವ ಬಗೆ

ಪ್ರಶ್ನೆ: ರಜೆ ಸಿಕ್ಕಾಗಲೆಲ್ಲ ಬೆಟ್ಟ ಹತ್ತುತ್ತೇನೆ, ಉಳಿದ ದಿನ ಬೆಳಿಗ್ಗೆ ಓಡುತ್ತೇನೆ. ಚಳಿಗೆಂದು ಸಿಕ್ಕಿದ್ದರಲ್ಲೇ ದಪ್ಪನೆಯ ಥರ್ಮಲ್ ಕೊಂಡೆ. ಹತ್ತುವಾಗ ಬೆವರಿ ತೊಯ್ದು ತೊಪ್ಪೆಯಾಗುತ್ತೇನೆ, ಮೇಲೆ ಹೋಗಿ ಕೂತರೆ ಸ್ವಲ್ಪ ಹೊತ್ತಿಗೇ ನಡುಕ ಶುರು. ಬೇಸಿಗೆಯಲ್ಲಿ ಹತ್ತಿಯ ಟೀ ಶರ್ಟ್ ಬೆನ್ನಿಗೆ ಅಂಟಿಕೊಂಡು ಉಜ್ಜುತ್ತದೆ. ಮೆರಿನೊ ಉಣ್ಣೆಯೇ (ಮೆರಿನೊ ತಳಿಯ ಕುರಿಯ ನವಿರು ಉಣ್ಣೆ) ಆಗಬೇಕು ಅಂತ ಕೆಲವರು, ಪಾಲಿಯೆಸ್ಟರ್ ಸಾಕು ಅಂತ ಕೆಲವರು. ಬೇರೆ ಬೇರೆ ಹವೆಗೆ ಒಳಪದರವನ್ನು ಹೇಗೆ ಆರಿಸಬೇಕು?

ಉತ್ತರ: ನಿಮ್ಮ ಥರ್ಮಲ್‌ನಲ್ಲಿ ದೋಷವಿಲ್ಲ. ಅದನ್ನು ಹಾಕಿಕೊಂಡು ಬೆಟ್ಟ ಹತ್ತಿದ್ದೇ ತೊಂದರೆ. ಮೈಗೆ ತಾಗುವ ಬಟ್ಟೆಯ ಮೊದಲ ಕೆಲಸ ಬೆವರನ್ನು ಚರ್ಮದಿಂದ ಆಚೆ ಸಾಗಿಸುವುದು. ಬೆಚ್ಚಗಿಡುವ ಕೆಲಸಕ್ಕೆ ಮೇಲೆ ಫ್ಲೀಸ್ (ಜುಂಗು ಜುಂಗಾದ ಬೆಚ್ಚನೆಯ ಬಟ್ಟೆ) ಇದೆ, ಜಾಕೆಟ್ ಇದೆ. ಅವನ್ನು ಬೇಕೆಂದಾಗ ಹಾಕಬಹುದು, ಬೇಡವೆಂದಾಗ ತೆಗೆಯಬಹುದು. ಒಳಗಿನದನ್ನು ದಾರಿ ಮಧ್ಯೆ ಹಾಗೆ ಬಿಚ್ಚಿ ಹಾಕಲು ಆಗುವುದಿಲ್ಲ ಅಲ್ವಾ? ಅದಕ್ಕೇ ಒಳಪದರ ಆರಿಸುವಾಗ ನಾನು ಥರ್ಮಾಮೀಟರನ್ನು ಆಮೇಲೆ ನೋಡುತ್ತೇನೆ. ಮೊದಲು ಎರಡು ಪ್ರಶ್ನೆ ಕೇಳಿಕೊಳ್ಳುತ್ತೇನೆ. ಈ ಕೆಲಸದಲ್ಲಿ ಎಷ್ಟು ಬೆವರುತ್ತೇನೆ? ಬೆವರಿದ ಮೇಲೆ ಎಷ್ಟು ಹೊತ್ತು ಸುಮ್ನೆ ನಿಲ್ಲುತ್ತೇನೆ?

ನಿಮ್ಮ ನಡುಕದ ಲೆಕ್ಕವನ್ನೇ ತೆಗೆದುಕೊಳ್ಳಿ. ಏರು ಹತ್ತುವಾಗ ಸ್ನಾಯುಗಳು ಸುಡುವ ಶಕ್ತಿಯಲ್ಲಿ ಮುಕ್ಕಾಲು ಪಾಲು ಶಾಖವಾಗಿಯೇ ಹೊರಬರುತ್ತದೆ. ಆ ಶಾಖ ಕಳೆಯಲು ಮೈ ಬೆವರುತ್ತದೆ. ಜೋರಾಗಿ ದುಡಿಯುವಾಗ ಗಂಟೆಗೆ ಅರ್ಧ ಲೀಟರ್, ಒಂದು ಲೀಟರ್ ಬೆವರು ಹರಿಯುವುದು ಮಾಮೂಲು. ಒಂದು ಲೀಟರ್ ಬೆವರು ಆವಿಯಾದರೆ ಸುಮಾರು 580 ಕಿಲೊಕ್ಯಾಲರಿ ಶಾಖ ಹೊತ್ತೊಯ್ಯುತ್ತದೆ. ನೀವು ಮೇಲೆ ತಲುಪಿ ಕೂತಾಗ ದಪ್ಪ ಥರ್ಮಲ್‌ನಲ್ಲಿ 200 ಮಿಲಿಲೀಟರ್ ನೀರು ಉಳಿದಿದೆ ಅಂದುಕೊಳ್ಳಿ, ಅಂದರೆ ಒಂದು ಲೋಟ. ಅದು ಮೈಮೇಲೇ ಆರಬೇಕಾದರೆ 115 ಕಿಲೊಕ್ಯಾಲರಿಯಷ್ಟು ಶಾಖ ಬೇಕು. ಸುಮ್ನೆ ಕೂತ ದೊಡ್ಡವರ ಮೈ ಗಂಟೆಗೆ ಹುಟ್ಟಿಸುವ ಶಾಖವೇ ಸುಮಾರು 80ರಿಂದ 100 ಕಿಲೊಕ್ಯಾಲರಿ. ಸಾಲದ್ದಕ್ಕೆ ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಶಾಖವನ್ನು ದಾಟಿಸುತ್ತದೆ. ನಡುಕ ಬರದೆ ಇನ್ನೇನಾಗಬೇಕು? ಬಟ್ಟೆ ದಪ್ಪವಾದಷ್ಟೂ ಅದು ಹಿಡಿದಿಟ್ಟುಕೊಳ್ಳುವ ನೀರು ಜಾಸ್ತಿ. ಅದಕ್ಕೇ ಬೆಚ್ಚಗಿರಲಿ ಅಂತ ಕೊಂಡ ದಪ್ಪ ಬಟ್ಟೆ, ಬೆವರಿ ನಿಲ್ಲುವವರಿಗೆ ಚಳಿಯನ್ನೇ ತರುತ್ತದೆ.

ಈಗ ನೂಲಿನ ವಿಷಯ. ಹವೆ ಹದವಾಗಿರುವಾಗ ಒಂದೊಂದು ನಾರು ತನ್ನ ತೂಕದ ಎಷ್ಟು ಪಾಲು ತೇವವನ್ನು ಒಳಗೆ ಎಳೆದುಕೊಂಡಿರುತ್ತದೆ ಅಂತ ಜವಳಿಯವರು ಅಳೆಯುತ್ತಾರೆ. ಪಾಲಿಯೆಸ್ಟರ್ ಶೇ. 0.4, ನೈಲಾನ್ ಶೇ. 4ರ ಆಸುಪಾಸು, ಹತ್ತಿ ಶೇ. 8ರ ಆಸುಪಾಸು, ರೇಷ್ಮೆ ಶೇ. 11, ಉಣ್ಣೆ ಶೇ. 16. ಈ ಪಟ್ಟಿ ನೋಡಿದರೆ ಉಣ್ಣೆಯೇ ಎಲ್ಲಕ್ಕಿಂತ ಒದ್ದೆ ಬಟ್ಟೆ ಅನ್ನಿಸಬೇಕು. ಆದರೆ ಮೈಗೆ ಹಾಗೆ ಅನ್ನಿಸುವುದಿಲ್ಲ. ಉಣ್ಣೆಯ ಎಳೆಯ ಹೊರಮೈ ನೀರನ್ನು ದೂರ ತಳ್ಳುತ್ತದೆ, ಒಳಭಾಗ ಆವಿಯನ್ನು ಕುಡಿಯುತ್ತದೆ. ಬೆವರು ಇನ್ನೂ ಹನಿಯಾಗುವ ಮೊದಲೇ, ಆವಿಯಾಗಿದ್ದಾಗಲೇ ಅದನ್ನು ಎಳೆ ಒಳಗೆ ತೆಗೆದುಕೊಂಡುಬಿಡುತ್ತದೆ. ತನ್ನ ತೂಕದ ಶೇ. 30ರಷ್ಟು ತೇವ ಸೇರಿದರೂ ಉಣ್ಣೆ ಮುಟ್ಟಲು ಒದ್ದೆ ಅನ್ನಿಸದೆ ಇರಬಲ್ಲದು. ಹಾಗೆ ಆವಿ ಹೀರುವಾಗ ಅಷ್ಟಿಷ್ಟು ಶಾಖವನ್ನೂ ಬಿಡುತ್ತದೆ. ಒಣ ಕೋಣೆಯಿಂದ ತೇವದ ಚಳಿಗೆ ಕಾಲಿಟ್ಟ ಮೊದಲ ನಿಮಿಷಗಳಲ್ಲಿ ಇದು ಮೈಗೆ ಹಿತ.

ಪಾಲಿಯೆಸ್ಟರ್ ದಾರಿ ಬೇರೆ. ಅದರ ಎಳೆ ನೀರು ಕುಡಿಯುವುದೇ ಇಲ್ಲ. ದೀಪದ ಬತ್ತಿ ಎಣ್ಣೆಯನ್ನು ಮೇಲಕ್ಕೆ ಎಳೆಯುವ ಹಾಗೆ, ಎಳೆಗಳ ನಡುವಿನ ಸಂದುಗಳಲ್ಲಿ ಬೆವರು ಹರಿದು ಬಟ್ಟೆಯ ಹೊರಮೈಗೆ ಬರುತ್ತದೆ. ಅಲ್ಲಿ ಅಗಲವಾಗಿ ಹರಡಿ ಬೇಗ ಆರುತ್ತದೆ. ಅಂದರೆ ಇಲ್ಲಿ ಕೆಲಸ ಮಾಡುವುದು ನೂಲಿಗಿಂತ ಹೆಣಿಗೆ. ಒಳಗಡೆ ದೊಡ್ಡ ಸಂದು, ಹೊರಗಡೆ ಸಣ್ಣ ಸಂದು ಇರುವಂತೆ ಹೆಣೆದ ಬಟ್ಟೆ ಬೆವರನ್ನು ಒಂದೇ ದಿಕ್ಕಿಗೆ ಎಳೆಯುತ್ತದೆ. ಎಳೆಯ ಮೈಯಲ್ಲೇ ಉದ್ದಕ್ಕೂ ಗೀರುಗಾಲುವೆ ಇರುವ ನೂಲೂ ಇದೆ. ಹೀಗಾಗಿ ಪಾಲಿಯೆಸ್ಟರ್ ಅಂತ ಬರೆದಿದ್ದರೆ ಎಲ್ಲವೂ ಒಂದೇ ಅಲ್ಲ. ನುಣ್ಣಗೆ, ಒತ್ತಾಗಿ ನೇಯ್ದ ಸಾದಾ ಪಾಲಿಯೆಸ್ಟರ್ ಶರ್ಟ್ ಬೆವರನ್ನು ಎತ್ತುವುದೇ ಇಲ್ಲ, ಅದು ಬೆನ್ನ ಮೇಲೆ ಇಳಿದು ಸೊಂಟ ಸೇರುತ್ತದೆ.

ಇದನ್ನು ಅಂಗಡಿಯಲ್ಲೇ ನೋಡಬಹುದು. ಬಟ್ಟೆಯ ಒಳಮಗ್ಗುಲನ್ನು ಮೇಲೆ ಮಾಡಿ ಒಂದು ಹನಿ ನೀರು ಬಿಡಿ. ಒಳ್ಳೆಯ ಪಾಲಿಯೆಸ್ಟರ್ ಒಳಪದರವಾದರೆ ಹನಿ ಎರಡು ಮೂರು ಸೆಕೆಂಡಿನಲ್ಲಿ ಮಾಯವಾಗುತ್ತದೆ. ತಿರುಗಿಸಿ ನೋಡಿದರೆ ಹೊರಮಗ್ಗುಲಿನ ಕಲೆ ಒಳಗಿನದಕ್ಕಿಂತ ಅಗಲವಾಗಿರುತ್ತದೆ. ಹನಿ ಗುಂಡಗೆ ಹಾಗೇ ಕೂತಿದ್ದರೆ ಆ ಬಟ್ಟೆ ಬೇಡ. ಉಣ್ಣೆಗೆ ಈ ಪರೀಕ್ಷೆ ಸಲ್ಲುವುದಿಲ್ಲ, ಅದರ ಮೇಲೆ ಹನಿ ಸ್ವಲ್ಪ ಹೊತ್ತು ನಿಲ್ಲುವುದು ಸಹಜ. ಉಣ್ಣೆ ಕೊಳ್ಳುವಾಗ ಬಟ್ಟೆಯನ್ನು ಕತ್ತಿನ ಪಕ್ಕಕ್ಕೆ ಉಜ್ಜಿ ನೋಡಿ. ಅಂಗೈ ಒರಟು, ಅದಕ್ಕೆ ಗೊತ್ತಾಗುವುದಿಲ್ಲ. ಮೆರಿನೊ ಎಳೆ 17ರಿಂದ 19 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನ್) ದಪ್ಪ ಇದ್ದರೆ ಚರ್ಮಕ್ಕೆ ತಾಗಿದಾಗ ಬಾಗುತ್ತದೆ, ಚುಚ್ಚುವುದಿಲ್ಲ. ಸುಮಾರು 30 ಮೈಕ್ರಾನ್ ದಾಟಿದ ಎಳೆ ಬಾಗದೆ ಚುಚ್ಚುತ್ತದೆ. ಉಣ್ಣೆ ಅಂದರೆ ತುರಿಕೆ ಅಂತ ನಮಗೆಲ್ಲ ಅನ್ನಿಸಿರುವುದು ಆ ದಪ್ಪ ಎಳೆಯಿಂದ.

ಹಾಗಾದರೆ ಎರಡರಲ್ಲಿ ಯಾವುದು? ನಿಲ್ಲದೆ ದುಡಿಯುವ ಕೆಲಸಕ್ಕೆ, ಅಂದರೆ ಓಟ, ಸೈಕಲ್, ವೇಗದ ಏರು, ಇಂಥದ್ದಕ್ಕೆ ನಾನು ತೆಳು ಪಾಲಿಯೆಸ್ಟರ್ ಅನ್ನುತ್ತೇನೆ. ಬೆವರು ಆವಿಯ ಹಂತ ದಾಟಿ ಧಾರೆಯಾಗಿ ಹರಿಯುವಾಗ ಉಣ್ಣೆ ಸೋಲುತ್ತದೆ. ಒಮ್ಮೆ ಪೂರ್ತಿ ತೊಯ್ದರೆ ಅದು ಆರಲು ಬಹಳ ಹೊತ್ತು ಬೇಕು. ಸ್ವಲ್ಪ ನಡೆ, ಸ್ವಲ್ಪ ನಿಲ್ಲು, ಮತ್ತೆ ನಡೆ ಎಂಬ ಕೆಲಸಕ್ಕೆ, ಹಕ್ಕಿ ನೋಡುವುದು, ಫೋಟೊ ತೆಗೆಯುವುದು, ಹಲವು ದಿನದ ಚಾರಣ, ಇವಕ್ಕೆ ಉಣ್ಣೆಯೇ ಸರಿ. ಇನ್ನೊಂದು ಕಾರಣ ವಾಸನೆ. ಪಾಲಿಯೆಸ್ಟರ್ ಮೈಯ ಎಣ್ಣೆಯಂಶವನ್ನು ಹಿಡಿದಿಟ್ಟುಕೊಳ್ಳುತ್ತದೆ, ಅದರ ಮೇಲೆ ವಾಸನೆ ಹುಟ್ಟಿಸುವ ಬ್ಯಾಕ್ಟೀರಿಯಾ ಬೆಳೆಯುತ್ತವೆ. ಒಂದೇ ದಿನಕ್ಕೆ ಕಂಕುಳ ಭಾಗ ನಾರುತ್ತದೆ. ಮೆರಿನೊವನ್ನು ರಾತ್ರಿ ಗಾಳಿಗೆ ಹರವಿ ಮತ್ತೆ ಬೆಳಿಗ್ಗೆ ಹಾಕಿಕೊಂಡು ದಿನಗಟ್ಟಲೆ ನಡೆಯಬಹುದು.

ಮೆರಿನೊ ಬಾಳಿಕೆಯಲ್ಲಿ ಮಾತ್ರ ಹಿಂದೆ. ತೆಳು ಮೆರಿನೊ ಬೆನ್ನುಚೀಲದ ಪಟ್ಟಿ ಉಜ್ಜುವ ಭುಜದಲ್ಲಿ, ಸೊಂಟದ ಬಕಲ್ ತಾಗುವ ಕಡೆ ತೂತು ಬೀಳುತ್ತದೆ. ನೈಲಾನ್ ಎಳೆಯ ಸುತ್ತ ಉಣ್ಣೆ ಸುತ್ತಿ ಮಾಡಿದ ನೂಲಿನ ಬಟ್ಟೆ ಸಿಗುತ್ತದೆ, ಉಣ್ಣೆ ಶೇ. 85ರ ಸುತ್ತಮುತ್ತ ಇರುತ್ತದೆ. ಚಾರಣಕ್ಕೆ ನನ್ನ ಆಯ್ಕೆ ಅದೇ.

ದಪ್ಪವನ್ನು ಜಿಎಸ್ಎಂ ಲೆಕ್ಕದಲ್ಲಿ ಬರೆದಿರುತ್ತಾರೆ, ಅಂದರೆ ಒಂದು ಚದರ ಮೀಟರ್ ಬಟ್ಟೆ ಎಷ್ಟು ಗ್ರಾಂ ತೂಗುತ್ತದೆ ಅಂತ. 150ರ ಒಳಗೆ ತೆಳು, 200ರ ಹತ್ತಿರ ಮಧ್ಯಮ, 250 ದಾಟಿದರೆ ದಪ್ಪ. ಬೆಟ್ಟ ಹತ್ತುವವರಿಗೆ ಕೊರೆಯುವ ಚಳಿಯಲ್ಲೂ ನಾನು 150ನ್ನೇ ಹೇಳುವುದು. ಮೈನಸ್ 10 ಡಿಗ್ರಿಯಲ್ಲೂ ಏರು ಹತ್ತುವ ಮೈಗೆ ಅದರ ಮೇಲೊಂದು ಗಾಳಿ ತಡೆಯುವ ತೆಳು ಜಾಕೆಟ್ ಬಹಳ ಸಲ ಸಾಕಾಗುತ್ತದೆ. ಹೊರಡುವಾಗ ಸ್ವಲ್ಪ ಚಳಿ ಅನ್ನಿಸಬೇಕು. ಹತ್ತು ನಿಮಿಷ ನಡೆದ ಮೇಲೆ ಸರಿಹೋಗುತ್ತದೆ. ಹೊರಡುವಾಗಲೇ ಬೆಚ್ಚಗಿದ್ದರೆ ಅರ್ಧ ಗಂಟೆಗೆ ಬೆವರಿರುತ್ತೀರಿ. 250 ಜಿಎಸ್ಎಂ ಬಟ್ಟೆ ಬೇಕಾಗುವುದು ಅಲುಗಾಡದೆ ಇರುವವರಿಗೆ: ಹಿಮದ ಮೇಲೆ ಗಾಳ ಹಾಕಿ ಕೂರುವವರು, ರಾತ್ರಿ ಆಕಾಶ ನೋಡುವವರು, ಟೆಂಟಿನಲ್ಲಿ ಮಲಗುವವರು.

ಇಲ್ಲೊಂದು ಹಳೆಯ ಉಪಾಯ ಹೇಳಲೇಬೇಕು, ನನಗೆ ಅದು ಬಲು ಇಷ್ಟ. ನಾರ್ವೆಯ ಸೇನಾಧಿಕಾರಿ ಹೆನ್ರಿಕ್ ಬ್ರುನ್ 1933ರಲ್ಲಿ ಹಳೆಯ ಮೀನುಬಲೆಗಳಿಂದ ಬನಿಯನ್ ಮಾಡಿದರು. ಬರೀ ತೂತೇ ಇರುವ ಬನಿಯನ್ ಬೆಚ್ಚಗಿಡುವುದು ಹೇಗೆ? ಅದರ ಮೇಲೆ ಇನ್ನೊಂದು ಬಟ್ಟೆ ಹಾಕಿದಾಗ ತೂತುಗಳಲ್ಲಿ ಗಾಳಿ ನಿಲ್ಲುತ್ತದೆ, ನಿಂತ ಗಾಳಿಯೇ ಬೆಚ್ಚನೆ. ಮೇಲಿನ ಬಟ್ಟೆಯ ಜಿಪ್ ಬಿಚ್ಚಿದರೆ ಅದೇ ತೂತುಗಳಿಂದ ಆವಿ ಸರಾಗವಾಗಿ ಹೊರಟುಹೋಗುತ್ತದೆ. ಒದ್ದೆ ಬಟ್ಟೆ ಚರ್ಮಕ್ಕೆ ತಾಗುವ ಜಾಗವೂ ಕಡಿಮೆ. 1953ರಲ್ಲಿ ಎವರೆಸ್ಟ್ ತುದಿ ಮುಟ್ಟಿದ ತಂಡದವರೂ ಇಂಥ ಬಲೆ ಬನಿಯನ್ ತೊಟ್ಟಿದ್ದರು. ಇಂದೂ ಉಣ್ಣೆಯಲ್ಲಿ, ಪಾಲಿಪ್ರೊಪಿಲೀನ್ ಎಂಬ ಕೃತಕ ನೂಲಿನಲ್ಲಿ ಇದು ಸಿಗುತ್ತದೆ. ವಿಪರೀತ ಬೆವರುವವರು ಚಳಿಯಲ್ಲಿ ಇದನ್ನು ಹಾಕಿ ನೋಡಲೇಬೇಕು. ಭಾರದ ಬೆನ್ನುಚೀಲ ಹೊರುವವರು ಮಾತ್ರ ಭುಜದ ಮೇಲೆ ಗಂಟಿಲ್ಲದೆ ಸಾದಾ ಬಟ್ಟೆ ಹೊಲಿದಿರುವುದನ್ನು ಆರಿಸಿ. ಇಲ್ಲವಾದರೆ ಬಲೆಯ ಗುರುತು ಭುಜದ ಮೇಲೆ ಮೂಡುತ್ತದೆ.

ಎಲ್ಲ ಹವೆಗಳಲ್ಲಿ ನಾನು ಹೆಚ್ಚು ಹೆದರುವುದು ಹಿಮ ಬೀಳುವ ಚಳಿಗಲ್ಲ. 0ಯಿಂದ 10 ಡಿಗ್ರಿ, ಜಿಟಿಜಿಟಿ ಮಳೆ, ಜೊತೆಗೆ ಗಾಳಿ. ಹಿಮವಾದರೆ ಕೊಡವಿದರೆ ಉದುರುತ್ತದೆ. ಮಳೆ ಹಾಗಲ್ಲ, ಕತ್ತಿನಿಂದ, ತೋಳಿನಿಂದ ಒಳಗೆ ಇಳಿಯುತ್ತದೆ. ಮಳೆಯ ಜಾಕೆಟ್ ಎಷ್ಟೇ ಚೆನ್ನಾಗಿರಲಿ, ಏರು ಹತ್ತುವಾಗ ಬೆವರು ಒಳಗಿನಿಂದ ತೋಯಿಸುತ್ತದೆ. ಇಲ್ಲಿ ಒಳಪದರ ಒದ್ದೆಯಾಗುವುದು ಖಚಿತ ಅಂತ ಇಟ್ಟುಕೊಂಡೇ ಆರಿಸಬೇಕು. ಹತ್ತಿ ಇದಕ್ಕೆ ಪೂರ್ತಿ ನಿಷಿದ್ಧ. ಒದ್ದೆ ಹತ್ತಿ ಮೆತ್ತಗಾಗಿ ಚರ್ಮಕ್ಕೆ ಅಂಟುತ್ತದೆ, ನಡುವೆ ಗಾಳಿಯೇ ಉಳಿಯುವುದಿಲ್ಲ. ಉಣ್ಣೆಯ ಗುಂಗುರು ಎಳೆ ಒದ್ದೆಯಾದರೂ ಅಷ್ಟಾಗಿ ಕುಸಿಯುವುದಿಲ್ಲ, ಒಂದಿಷ್ಟು ಗಾಳಿ ಉಳಿಸಿಕೊಳ್ಳುತ್ತದೆ. ಒದ್ದೆ ಉಣ್ಣೆ ಒಣ ಉಣ್ಣೆಯಷ್ಟೇ ಬೆಚ್ಚಗಿರುತ್ತದೆ ಅನ್ನುವ ಮಾತನ್ನು ಮಾತ್ರ ನಂಬಬೇಡಿ. ಒದ್ದೆ ಹತ್ತಿಗಿಂತ ಎಷ್ಟೋ ವಾಸಿ, ಅಷ್ಟೇ. ತೆಳು ಪಾಲಿಯೆಸ್ಟರ್ ಆದರೆ ಬಿಚ್ಚಿ ಹಿಂಡಿ ಮತ್ತೆ ಹಾಕಿಕೊಳ್ಳಬಹುದು, ಮೈಶಾಖಕ್ಕೇ ಬೇಗ ಆರುತ್ತದೆ.

ಮೈಯ ಒಳಗಿನ ತಾಪ 35 ಡಿಗ್ರಿಗಿಂತ ಇಳಿದರೆ ಅದು ಹೈಪೊಥರ್ಮಿಯಾ. ಅದಕ್ಕೆ ಹಿಮವೇ ಬೇಕಾಗಿಲ್ಲ, ಇಂಥ ಮಳೆಗಾಳಿ ಸಾಕು. ಜೊತೆಯವರು ತಡೆಯಲಾಗದೆ ನಡುಗುತ್ತಿದ್ದರೆ, ಜಿಪ್ ಎಳೆಯಲು ಬೆರಳು ತಡವರಿಸಿದರೆ, ಮಾತು ತೊದಲಿದರೆ ತಡ ಮಾಡಬೇಡಿ. ಗಾಳಿಯ ಮರೆಗೆ ಕರೆದೊಯ್ದು ಒದ್ದೆ ಒಳಪದರ ತೆಗೆಸಿ ಒಣದ್ದು ಹಾಕಿಸಿ. ಒದ್ದೆ ಅಂಗಿಯ ಮೇಲೆಯೇ ಜಾಕೆಟ್ ಹೊದಿಸುವುದಕ್ಕಿಂತ ಇದು ಹೆಚ್ಚು ಉಪಕಾರ. ನಡುಕ ನಿಂತೂ ಮಂಕಾಗಿದ್ದರೆ ಅದು ಸುಧಾರಿಸಿದ ಲಕ್ಷಣವಲ್ಲ, ಇನ್ನೂ ಅಪಾಯದ ಲಕ್ಷಣ. ತಕ್ಷಣ ವೈದ್ಯಕೀಯ ನೆರವು ಕರೆಸಬೇಕು. ಇದಕ್ಕಾಗಿಯೇ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದ ಒಂದು ಒಣ ಒಳಪದರ ಯಾವಾಗಲೂ ಬೆನ್ನುಚೀಲದಲ್ಲಿರಬೇಕು. ಇದರಲ್ಲಿ ನಾನು ರಾಜಿ ಆಗುವುದಿಲ್ಲ.

ಬಿಸಿಲಿಗೆ ಬರೋಣ. ಇಲ್ಲಿ ಎರಡು ಬಗೆಯ ಬಿಸಿಲಿದೆ, ಎರಡಕ್ಕೂ ಒಂದೇ ಬಟ್ಟೆ ನಡೆಯುವುದಿಲ್ಲ. ಒಣ ಬಿಸಿಲಿನಲ್ಲಿ ಬೆವರು ಹುಟ್ಟಿದ ಕೂಡಲೇ ಆರಿಹೋಗುತ್ತದೆ. ಇಂಥ ಕಡೆ ನೀರು ಹಿಡಿದಿಟ್ಟುಕೊಳ್ಳುವ ಗುಣವೇ ಉಪಯೋಗಕ್ಕೆ ಬರುತ್ತದೆ, ಸಡಿಲವಾದ ತೆಳು ಹತ್ತಿ ಅಂಗಿ ತಂಪಾಗಿರುತ್ತದೆ. ಅದನ್ನು ನೀರಿನಲ್ಲಿ ಅದ್ದಿ ಹಾಕಿಕೊಂಡು ನಡೆಯುವವರೂ ಇದ್ದಾರೆ, ಅದು ಸರಿಯೇ. ಆದರೆ ಒಣ ಪ್ರದೇಶದಲ್ಲಿ ಸಂಜೆಯಾದರೆ ತಾಪ ದಡಕ್ಕನೆ ಇಳಿಯುತ್ತದೆ. ಬಿಸಿಲಿರುವಾಗಲೇ ಅದನ್ನು ಬದಲಿಸಿಬಿಡಿ.

ಸೆಕೆಯ ಕಥೆ ಬೇರೆ. ಗಾಳಿಯಲ್ಲೇ ತೇವ ತುಂಬಿರುವಾಗ ಬೆವರು ಆರಲು ಜಾಗವೇ ಇಲ್ಲ. ಯಾವ ಬಟ್ಟೆಯೂ ಅದನ್ನು ಆರಿಸಿಕೊಡಲಾರದು, ಜಾಹೀರಾತು ಏನೇ ಹೇಳಲಿ. ಇಲ್ಲಿ ಬಟ್ಟೆಯಿಂದ ಕೇಳಬಹುದಾದ್ದು ಎರಡೇ: ಗಾಳಿ ಒಳಗೆ ಆಡಬೇಕು, ಒದ್ದೆಯಾದರೂ ಉಜ್ಜಬಾರದು. ಮೈಗೆ ಬಿಗಿಯಾದ ಬಟ್ಟೆ ಬಿಟ್ಟು ಒಂದು ಅಳತೆ ಸಡಿಲವಾದ, ಸಣ್ಣ ತೂತಿನ ಹೆಣಿಗೆಯ ತೆಳು ಪಾಲಿಯೆಸ್ಟರ್ ಅಥವಾ ನೈಲಾನ್ ತೊಡಿ. ನಿಮ್ಮ ಬೆನ್ನು ಉಜ್ಜಿದ್ದು ಒದ್ದೆ ಹತ್ತಿ ಬೆನ್ನುಚೀಲದ ಒತ್ತಡದಲ್ಲಿ ಮಡಿಕೆ ಬಿದ್ದಿದ್ದರಿಂದ. ಇದರಿಂದ ಅದು ಬಹುಮಟ್ಟಿಗೆ ನಿಲ್ಲುತ್ತದೆ. ನಡಿಗೆಯ ವೇಗವನ್ನೂ ತಗ್ಗಿಸಿ, ಸೆಕೆಯಲ್ಲಿ ಅದಕ್ಕಿಂತ ದೊಡ್ಡ ಉಪಾಯವಿಲ್ಲ.

ಬಿಸಿಲಿನಲ್ಲಿ ತೋಳು ತುಂಬಿದ ಅಂಗಿಯೇ ವಾಸಿ. ಬಟ್ಟೆ ಬಿಸಿಲನ್ನು ಎಷ್ಟು ತಡೆಯುತ್ತದೆ ಅನ್ನುವ ಅಳತೆ ಯುಪಿಎಫ್. ಯುಪಿಎಫ್ 50 ಅಂತ ಬರೆದಿದ್ದರೆ ಅತಿನೇರಳೆ ಕಿರಣದ ಐವತ್ತರಲ್ಲಿ ಒಂದು ಪಾಲು ಮಾತ್ರ ಬಟ್ಟೆ ದಾಟುತ್ತದೆ. ತೆಳು ಬಿಳಿ ಹತ್ತಿ ಟೀ ಶರ್ಟ್ ಒದ್ದೆಯಾದಾಗ ಒಣಗಿದ್ದಾಗಿನಷ್ಟೂ ತಡೆಯುವುದಿಲ್ಲ.

ಒಂದೇ ದಿನದಲ್ಲಿ ಹವೆ ಬದಲಾಗುವ ದಾರಿಗಳಲ್ಲಿ ಕತ್ತಿನ ಜಿಪ್ ಬಹಳ ಕೆಲಸ ಮಾಡುತ್ತದೆ. ಪ್ರತಿ 1000 ಮೀಟರ್ ಏರಿದಾಗ ತಾಪ ಸರಾಸರಿ 6.5 ಡಿಗ್ರಿ ಇಳಿಯುತ್ತದೆ. ಮೇಲಿನ ಏಣಿನಲ್ಲಿ ಗಾಳಿಯೂ ಸೇರಿಕೊಂಡರೆ, 0 ಡಿಗ್ರಿ ಇದ್ದರೂ ಗಂಟೆಗೆ 30 ಕಿಲೋಮೀಟರ್ ಗಾಳಿಯಲ್ಲಿ ಬರಿಚರ್ಮಕ್ಕೆ ಮೈನಸ್ 6 ಡಿಗ್ರಿಯಂತೆ ತಾಗುತ್ತದೆ. ಎದೆಯ ಅರ್ಧದವರೆಗೆ ಜಿಪ್ ಇರುವ ಒಳಪದರವಾದರೆ ಏರಿನಲ್ಲಿ ಪೂರ್ತಿ ತೆರೆದು, ಏಣಿನಲ್ಲಿ ಗಲ್ಲದವರೆಗೆ ಮುಚ್ಚಿಕೊಳ್ಳಬಹುದು. ನಿಲ್ಲದೆಯೇ ಇದು ಸಾಧ್ಯ. ಜೊತೆಗೆ ಹೊಲಿಗೆ ಚಪ್ಪಟೆಯಾಗಿರಲಿ, ಭುಜದ ನೆತ್ತಿಯಲ್ಲಿ ಹೊಲಿಗೆ ಬರದಿರಲಿ, ಬಗ್ಗಿದಾಗ ಸೊಂಟ ಕಾಣದಷ್ಟು ಉದ್ದವಿರಲಿ. ಚಳಿಗೆ ಹಾಕುವುದು ಚರ್ಮಕ್ಕೆ ತಾಗುತ್ತಿರಬೇಕು, ಬಿಗಿಯಬಾರದು. ನಡುವೆ ಜಾಗ ಬಿಟ್ಟರೆ ಬೆವರು ಬಟ್ಟೆಗೆ ಸೇರುವುದೇ ಇಲ್ಲ.

ಮೇಲೆ ಇಷ್ಟೆಲ್ಲ ಮಾಡಿ ಒಳಗೆ ಹತ್ತಿಯ ಚಡ್ಡಿ, ಹತ್ತಿಯ ಅಸ್ತರಿನ ಬ್ರಾ, ಹತ್ತಿಯ ಸಾಕ್ಸ್ ಹಾಕಿದರೆ ಪ್ರಯೋಜನವಿಲ್ಲ. ಚರ್ಮಕ್ಕೆ ಮೊದಲು ತಾಗುವುದು ಅವೇ. ಮೊದಲು ಒದ್ದೆಯಾಗುವುದೂ, ಕೊನೆಗೆ ಆರುವುದೂ ಅವೇ.

ಬಿದಿರಿನ ಬಟ್ಟೆ ಬಗ್ಗೆಯೂ ಬಹಳ ಜನ ಕೇಳುತ್ತಾರೆ. ಅದರಲ್ಲಿ ಬಹುಪಾಲು ವಿಸ್ಕೋಸ್, ಅಂದರೆ ಬಿದಿರಿನ ತಿರುಳನ್ನು ರಾಸಾಯನಿಕದಲ್ಲಿ ಕರಗಿಸಿ ತೆಗೆದ ನೂಲು. ಮೆತ್ತಗಿದೆ, ಆದರೆ ನೀರು ಜಾಸ್ತಿ ಹೀರುತ್ತದೆ, ನಿಧಾನ ಆರುತ್ತದೆ, ಒದ್ದೆಯಾದಾಗ ಬಲ ಕಳೆದುಕೊಳ್ಳುತ್ತದೆ. ಬೆವರುವ ಕೆಲಸಕ್ಕೆ ಬೇಡ. ಶಿಬಿರದ ಬೆಂಕಿಯ ಹತ್ತಿರ ಕೂರುವವರು ಒಂದು ನೆನಪಿಡಿ: ಪಾಲಿಪ್ರೊಪಿಲೀನ್ ಸುಮಾರು 165 ಡಿಗ್ರಿಗೆ, ಪಾಲಿಯೆಸ್ಟರ್ ಸುಮಾರು 255 ಡಿಗ್ರಿಗೆ ಕರಗುತ್ತದೆ, ಕರಗಿ ಚರ್ಮಕ್ಕೆ ಅಂಟುತ್ತದೆ. ಉಣ್ಣೆ ಕರಗುವುದಿಲ್ಲ, ಕಿಡಿ ಬಿದ್ದ ಜಾಗ ಕರಟುತ್ತದೆ.

ಒಗೆಯುವಾಗ ಫ್ಯಾಬ್ರಿಕ್ ಸಾಫ್ಟ್‌ನರ್ ಹಾಕಬೇಡಿ. ಅದು ಎಳೆಗಳ ಮೇಲೆ ಪದರ ಕಟ್ಟಿ ಬೆವರು ಹರಿಯುವ ಸಂದುಗಳನ್ನು ಮುಚ್ಚುತ್ತದೆ. ಮುಂಚೆ ಚೆನ್ನಾಗಿದ್ದ ಶರ್ಟ್ ಈಗ ಬೆವರು ಎಳೆಯುತ್ತಿಲ್ಲ ಅನ್ನುವವರಲ್ಲಿ ಬಹಳ ಜನರ ತೊಂದರೆ ಇದೇ. ಉಣ್ಣೆಯನ್ನು 30 ಡಿಗ್ರಿ ನೀರಿನಲ್ಲಿ ಒಗೆದು ನೆರಳಲ್ಲಿ ಹರವಿ. ಕ್ಲೋರಿನ್ ಬ್ಲೀಚ್ ತಾಗಿಸಲೇಬೇಡಿ, ಅದು ಉಣ್ಣೆಯನ್ನೇ ಕರಗಿಸುತ್ತದೆ. ಎತ್ತಿಡುವಾಗ ಒಗೆದೇ ಎತ್ತಿಡಿ, ಬೆವರು ಉಳಿದ ಉಣ್ಣೆಗೆ ನುಸಿ ಬೇಗ ಹತ್ತುತ್ತದೆ.

ನಿಮ್ಮ ಲೆಕ್ಕಕ್ಕೆ ಎರಡು ಅಂಗಿ ಸಾಕು. ಬೆಳಗಿನ ಓಟಕ್ಕೆ, ಸೆಕೆಯ ದಿನಗಳಿಗೆ ತೆಳು ಪಾಲಿಯೆಸ್ಟರ್ ಒಂದು. ಬೆಟ್ಟಕ್ಕೆ 150 ಜಿಎಸ್ಎಂನ, ನೈಲಾನ್ ಬೆರೆತ, ಅರ್ಧ ಜಿಪ್ ಇರುವ ಮೆರಿನೊ ಒಂದು. ಹತ್ತುವಾಗ ಅದೇ ಮೆರಿನೊ ಪೂರ್ತಿ ತೊಯ್ಯುವಷ್ಟು ನೀವು ಬೆವರುವವರಾದರೆ, ಹತ್ತಲು ಪಾಲಿಯೆಸ್ಟರ್ ಹಾಕಿ, ಮೇಲೆ ತಲುಪಿದ ಕೂಡಲೇ ಗಾಳಿಯ ಮರೆಯಲ್ಲಿ ಮೆರಿನೊಗೆ ಬದಲಿಸಿ. ಕೂತು ಉಸಿರು ತೆಗೆದುಕೊಂಡ ಮೇಲೆ ಬದಲಿಸೋಣ ಅನ್ನಬೇಡಿ, ಆ ಹೊತ್ತಿಗೆ ಮೈಯ ಬಿಸಿ ಹೋಗಿರುತ್ತದೆ. ಈಗಿರುವ ದಪ್ಪ ಥರ್ಮಲ್ ಅನ್ನು ಎಸೆಯಬೇಡಿ. ಅದರ ಲೇಬಲ್ ನೋಡಿ. ಹತ್ತಿಯೇ ಹೆಚ್ಚಿದ್ದರೆ ಅದು ಟೆಂಟಿನೊಳಗೆ ಒಣಗಿದ ಮೈಗೆ, ಮಲಗುವಾಗ ಮಾತ್ರ. ಪಾಲಿಯೆಸ್ಟರ್ ಅಥವಾ ಉಣ್ಣೆಯಾಗಿದ್ದರೆ ಪ್ಲಾಸ್ಟಿಕ್ ಚೀಲದ ಆ ಒಣ ಒಳಪದರ ಅದೇ ಆಗಲಿ.